ಕ್ಲೇಮ್ ದುಡ್ಡು ಬಂದ ಮೇಲೆ ತನಿಖೆಗೆ ಬಂದರೆ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಹತ್ತಿರ ಮೂರು ಎಕರೆ ಕಾಫಿ ತೋಟ. 2018ರಿಂದ ಆರೋಗ್ಯ ವಿಮೆ ಇದೆ, ಒಂದು ವರ್ಷವೂ ರಿನ್ಯೂವಲ್ ತಪ್ಪಿಸಿಲ್ಲ. ಕಳೆದ ವರ್ಷ ನಮ್ಮ ಯಜಮಾನರಿಗೆ ಮೈಸೂರಲ್ಲಿ ಸ್ಟೆಂಟ್ ಹಾಕಿದರು, 2.4 ಲಕ್ಷ ಕ್ಲೇಮ್ ಬಂತು. ಮೊನ್ನೆ ಕಣದಲ್ಲಿ ಕಾಫಿ ಹರಡುತ್ತಿದ್ದಾಗ ವಿಮಾ ಕಂಪನಿಯ ಕಡೆಯಿಂದ ಅಂತ ಒಬ್ಬರು ಬಂದರು. 'ಪಾಲಿಸಿಗೆ ಮೊದಲೇ ಶುಗರ್ ಇತ್ತಲ್ವಾ, ಸಹಿ ಹಾಕಿ, ಇಲ್ಲದಿದ್ರೆ ದುಡ್ಡು ವಾಪಸ್ ಕಟ್ಟಬೇಕಾಗುತ್ತೆ' ಎಂದು ಅರ್ಧ ಖಾಲಿ ಇರುವ ಹಾಳೆ ಮುಂದಿಟ್ಟರು. ಏನು ಮಾಡೋಣ?

ಉತ್ತರ: ಆ ಹಾಳೆಗೆ ಮಾತ್ರ ಸಹಿ ಹಾಕಬೇಡಿ ಅಕ್ಕ. ಖಾಲಿ ಜಾಗದಲ್ಲಿ ಆಮೇಲೆ ಏನು ಬರೆದರೂ ಅದು ನೀವು ಹೇಳಿದ್ದೇ ಆಗಿಬಿಡುತ್ತದೆ.

ಕೊಟ್ಟ ಕ್ಲೇಮಿನ ಬಗ್ಗೆ ಕಂಪನಿ ವಿಚಾರಿಸಬಾರದು ಅಂತೇನಿಲ್ಲ. ಸುಳ್ಳು ಬಿಲ್ಲು ಕೊಟ್ಟು ದುಡ್ಡು ಪಡೆದವರೂ ಇರುತ್ತಾರೆ. ಆದರೆ ಬಂದವರ ಗುರುತಿನ ಚೀಟಿ, ಕಂಪನಿ ಕೊಟ್ಟ ಪತ್ರ ಎರಡನ್ನೂ ನೋಡಿ, ಫೋಟೋ ತೆಗೆದುಕೊಳ್ಳಿ. 'ಏನು ಕೇಳಬೇಕೋ ಬರವಣಿಗೆಯಲ್ಲಿ ಕೇಳಿ, ನಾನೂ ಬರೆದೇ ಉತ್ತರ ಕೊಡ್ತೀನಿ' ಎನ್ನಿ. ಉತ್ತರದಲ್ಲಿ ನಿಜವನ್ನೇ ಬರೆಯಿರಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ನಿಮ್ಮ ದೊಡ್ಡ ಬಲ ಇನ್ನೊಂದಿದೆ. ಆರೋಗ್ಯ ವಿಮೆ ಬಿಡದೆ 60 ತಿಂಗಳು ನಡೆದ ಮೇಲೆ, 'ನೀವು ಹಳೇ ಕಾಯಿಲೆ ಹೇಳಿರಲಿಲ್ಲ' ಎಂಬ ಕಾರಣಕ್ಕೆ ಪಾಲಿಸಿಯನ್ನಾಗಲಿ ಕ್ಲೇಮನ್ನಾಗಲಿ ಕಂಪನಿ ಪ್ರಶ್ನಿಸುವಂತಿಲ್ಲ. ಮೊದಲು ಇದು 8 ವರ್ಷ ಇತ್ತು, 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ 5 ವರ್ಷಕ್ಕೆ ಇಳಿಸಿತು. ವಂಚನೆ ಸಾಬೀತಾದರೆ ಮಾತ್ರ ಈ ರಕ್ಷಣೆ ಇಲ್ಲ. ಮಧ್ಯದಲ್ಲಿ ವಿಮಾ ಮೊತ್ತ ಹೆಚ್ಚಿಸಿದ್ದರೆ, ಹೆಚ್ಚಿಸಿದ ಭಾಗಕ್ಕೆ ಆ ದಿನದಿಂದಲೇ ಲೆಕ್ಕ, ಅದನ್ನು ನೋಡಿಕೊಳ್ಳಿ.

ವಾಪಸ್ ಕೇಳುವುದಾದರೂ ಕಾರಣ ಬರೆದು ಕೊಡಬೇಕು. ನೀವು ಒಪ್ಪದಿದ್ದರೆ ಅವರು ಕೋರ್ಟಿಗೆ ಹೋಗಿ ವಸೂಲಿ ಆದೇಶ ತರಬೇಕು, ಮನೆ ಬಾಗಿಲಲ್ಲಿ ಹೆದರಿಸಿ ಕಟ್ಟಿಸಿಕೊಳ್ಳುವುದಲ್ಲ.

ಕಾಟ ಮುಂದುವರಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿ ಅನಿಸದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ, ಅಂದರೆ ವಿಮೆಯ ದೂರುಗಳನ್ನು ವಿಚಾರಿಸುವ ಅಧಿಕಾರಿಗೆ, ದೂರು ಕೊಡಬಹುದು. ಖರ್ಚಿಲ್ಲ, ವಕೀಲರೂ ಬೇಡ, ಆನ್‌ಲೈನಲ್ಲೇ ಆಗುತ್ತದೆ. ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗವೂ ಇದೆ. ನೀವು ಇರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು, 2 ವರ್ಷದೊಳಗೆ ಹಾಕಬೇಕು.

ಇನ್ನೊಂದು ಮಾತು. ಎಷ್ಟೋ ಮನೆಗಳಲ್ಲಿ ವಿಮೆ ಮಾಡಿಸುವಾಗ ಏಜೆಂಟರೇ ಫಾರಂ ತುಂಬಿರುತ್ತಾರೆ. ಕಾಯಿಲೆಯ ಕಾಲಂಗಳಲ್ಲೆಲ್ಲ ಸುಮ್ನೆ 'ಇಲ್ಲ' ಎಂದು ಗುರುತು ಹಾಕಿ, ಕೆಳಗೆ ಸಹಿ ಮಾತ್ರ ನಮ್ಮಿಂದ ತೆಗೆದುಕೊಳ್ಳುತ್ತಾರೆ. ಕಂಪನಿ ವಂಚನೆ ಎಂದು ವಾದಿಸಿದರೆ, ನಿಮ್ಮ ಫಾರಂನಲ್ಲಿ ಶುಗರ್ ಬಗ್ಗೆ ಕೇಳಿದ್ದರಾ, ಯಜಮಾನರಿಗೆ ಆಗ ಶುಗರ್ ಇರುವುದು ಗೊತ್ತಿತ್ತಾ, ಇವೆರಡೂ ಮುಖ್ಯವಾಗುತ್ತವೆ. ಹಳೇ ಫಾರಂ ಹುಡುಕಿ ನೋಡಿ, ಸಿಗದಿದ್ದರೆ ಇವತ್ತೇ ಕಂಪನಿಗೆ ಬರೆದು ಅದರ ಪ್ರತಿ ಕೇಳಿ.