ಕಲಬುರಗಿಯ ಎರೆಭೂಮಿಯಲ್ಲಿ ಮನೆ: ಪಾಯ ತೆಗೆಯುವ ಮೊದಲು ಮಣ್ಣಿನ ಪರೀಕ್ಷೆ ಬೇಕೇ?

ನಿಮ್ಮ ಪ್ರಶ್ನೆ ಇಷ್ಟು: ಟೊರೊಂಟೊದಲ್ಲಿರುವ ಭಾವ ಮನೆ ಕಟ್ಟಿಸುವಾಗ ಅಲ್ಲಿಯದು ಹಿಮನದಿ ಬಿಟ್ಟುಹೋದ ಮಣ್ಣು ಅಂತ ಬೋರ್‌ಹೋಲ್ (ಮಣ್ಣು ಪರೀಕ್ಷಿಸಲು ಕೊರೆಯುವ ಆಳದ ತೂತು) ಹಾಕಿಸಿದರು. ಸೇಡಂ ರಸ್ತೆಯ ನಿಮ್ಮ 30×40 ಪ್ಲಾಟಿಗೆ ಗೌಂಡಿ ಮಾತ್ರ "ಐದು ಫೂಟ್ ಸಾಕ್ರೀ" ಅನ್ನುತ್ತಾನೆ. ನಮಗೂ ಪರೀಕ್ಷೆ ಬೇಕಾ?

ಬೇಕು. ಆದರೆ ನಿಮ್ಮ ಭಾವನಿಗಿದ್ದ ಚಿಂತೆ ಬೇರೆ, ನಿಮ್ಮದು ಬೇರೆ.

ಅಲ್ಲಿ ಹಿಮದ ಭಾರಕ್ಕೆ ಜೇಡಿ, ಮರಳು, ಜಲ್ಲಿ, ಗುಂಡುಕಲ್ಲು ಎಲ್ಲ ಕಲಸಿ ಗಟ್ಟಿಯಾಗಿ ಕೂತಿರುತ್ತದೆ. ಸಾಮಾನ್ಯವಾಗಿ ಅದು ಒಳ್ಳೆಯ ನೆಲವೇ. ಭಯ ಇರುವುದು ಪದರಗಳ ನಡುವೆ ಸಿಕ್ಕಿಕೊಂಡ ಸಡಿಲ ಮರಳಿನದು, ಮತ್ತೆ ದೊಡ್ಡ ಗುಂಡನ್ನೇ ತಳದ ಬಂಡೆ ಅಂತ ತಿಳಿದುಬಿಡುವುದರದು. ನಮ್ಮ ಎರೆಮಣ್ಣು ಹುಟ್ಟಿದ್ದು ಸುಮಾರು 6.5 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಕಲ್ಲು ಸವೆದು. ಹಿಮಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೂ ಗುಂಡಿನ ಮೋಸ ಇಲ್ಲೂ ಉಂಟು: ಆ ಲಾವಾದ ಕರಿಕಲ್ಲು ಉಳ್ಳಾಗಡ್ಡಿಯ ಹಾಗೆ ಸಿಪ್ಪೆ ಸಿಪ್ಪೆಯಾಗಿ ಸವೆಯುತ್ತದೆ, ನಡುವಿನ ಗಟ್ಟಿ ತಿರುಳು ಮೆತ್ತನೆಯ ಮಣ್ಣಿನಲ್ಲಿ ಹಾಗೇ ಉಳಿಯುತ್ತದೆ. ಒಂದು ಮೂಲೆಯಲ್ಲಿ ಹಾರೆ ಠಣ್ ಅಂದರೆ ಬಂಡೆ ಸಿಕ್ಕಿತು ಅಂತ ನಿಲ್ಲಿಸಬೇಡಿ, ಸುತ್ತ ಅಗೆಸಿ ನೋಡಿ.

ಇನ್ನು ಮುಖ್ಯ ಸಂಗತಿ. ಎರೆಮಣ್ಣಿನಲ್ಲಿ ಮನೆ ಕೆಡುವುದು ಭಾರ ತಾಳದೆ ಅಲ್ಲ, ಬಹುತೇಕ ನೀರಿನಿಂದ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಮನೆಯ ನಡುವಿನ ನೆಲ ತೇವ ಹಿಡಿದುಕೊಂಡಿರುತ್ತದೆ, ಅಂಚು ಒಣಗುತ್ತದೆ, ಕಿಟಕಿ ಮೂಲೆಯಿಂದ ಓರೆ ಬಿರುಕು ಏಳುತ್ತದೆ. "ಒಂದೇ ಅಂತಸ್ತು ತಾನೇ" ಅನ್ನುವ ಸಮಾಧಾನ ಇಲ್ಲಿ ತಿರುಗುಬಾಣ, ಯಾಕಂದರೆ ಹಗುರ ಮನೆಯನ್ನು ಎತ್ತುವುದು ಈ ಮಣ್ಣಿಗೆ ಇನ್ನೂ ಸಲೀಸು.

ಹಾಗಾಗಿ ಲ್ಯಾಬಿನವರು ಭಾರ ತಾಳುವ ಒಂದು ಅಂಕಿ ಕೊಟ್ಟು ಕಳಿಸಿದರೆ ಒಪ್ಪಬೇಡಿ. ಉಬ್ಬುವ ಪರೀಕ್ಷೆ ಕೇಳಿ. ಒಣ ಮಣ್ಣು ಜರಡಿ ಹಿಡಿದು 10 ಗ್ರಾಂ ನೀರಿನ ಜಾಡಿಗೆ, 10 ಗ್ರಾಂ ಸೀಮೆಎಣ್ಣೆ ಜಾಡಿಗೆ ಹಾಕಿ 24 ತಾಸು ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ಅದೇ ಅಳತೆಗೋಲು. ನೀರಿನಲ್ಲಿ ಮಣ್ಣಿನ ಗಾತ್ರ ಅದಕ್ಕಿಂತ ಶೇ. 50ರ ಮೇಲೆ ಹೆಚ್ಚಿದ್ದರೆ ಎಚ್ಚರ. ಇನ್ನೊಂದು, ನೆಲ ಎಷ್ಟು ಗಟ್ಟಿ ಅಂತ ತಿಳಿಯಲು ಬೋರ್‌ಹೋಲಿನಲ್ಲಿ 63.5 ಕಿಲೋ ಸುತ್ತಿಗೆಯನ್ನು 75 ಸೆಂ.ಮೀ. ಮೇಲಿಂದ ಬೀಳಿಸಿ ಪೆಟ್ಟು ಎಣಿಸುತ್ತಾರಲ್ಲ, ಮೇ ತಿಂಗಳ ಒಣ ಎರೆಯಲ್ಲಿ ಆ ಎಣಿಕೆ ಚೆನ್ನಾಗಿಯೇ ಬರುತ್ತದೆ. ಅದೇ ಮಣ್ಣು ಮಳೆ ಕುಡಿದ ಮೇಲೆ ಬೇರೆಯೇ ಆಗಿರುತ್ತದೆ. ವರದಿಯಲ್ಲಿ ತಿಂಗಳು, ಮಣ್ಣಿನ ತೇವಾಂಶ ಎರಡೂ ಇರಲಿ.

ಪಕ್ಕದವರ ಆಳ ನೋಡಿ ಹೋಗಬೇಡಿ. ಶಹಾಬಾದ್ ಕಡೆ ಪರಸಿ ಕಲ್ಲು, ಬೀದರದಲ್ಲಿ ಕೆಂಪು ಜಂಬಿಟ್ಟಿಗೆಯ ಗಟ್ಟಿ ಮುಚ್ಚಳದ ಕೆಳಗೆ ಮೆತ್ತನೆ ಜೇಡಿ, ಯಾದಗಿರಿ ಗುಡ್ಡದ ಸುತ್ತ ಗ್ರಾನೈಟ್. ಒಂದೇ ಬಡಾವಣೆಯಲ್ಲೂ ಎರೆಯ ದಪ್ಪ ಬದಲಾಗುತ್ತದೆ.

ಖರ್ಚು ಕಡಿಮೆ ಇರಬೇಕೆಂದರೆ ಮೊದಲು ಎದುರುಬದುರು ಮೂಲೆಯಲ್ಲಿ ಎರಡು, ನಡುವೆ ಒಂದು ಗುಂಡಿ ಜೆಸಿಬಿಯಿಂದ ತೆಗೆಸಿ. ಏಳೆಂಟು ಫೂಟಿನೊಳಗೆ ಮೂರೂ ಕಡೆ ಗಟ್ಟಿ ಮುರುಮ (ಅರ್ಧ ಸವೆದ ಕಲ್ಲಿನ ಗರಸು) ಸಿಕ್ಕರೆ ಅಲ್ಲಿಗೇ ಫೂಟಿಂಗ್ (ಕಂಬದ ಕೆಳಗಿನ ಅಗಲ ತಳ) ಇಳಿಸುವುದು ಸುಲಭ. ಸಿಗದಿದ್ದರೆ ಇಂಜಿನಿಯರ್ ಹತ್ತಿರ ಅಂಡರ್‌ರೀಮ್ಡ್ ಪೈಲ್ ಮಾತಾಡಿ. ನೆಲದಾಳಕ್ಕೆ ಇಳಿಸುವ ಈ ಕಾಂಕ್ರೀಟ್ ಕಂಬದ ಬುಡದಲ್ಲಿ ಅದರ ಎರಡೂವರೆ ಪಟ್ಟು ಅಗಲದ ಉಬ್ಬು ಇರುತ್ತದೆ, ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಪದ್ಧತಿ. ಫೂಟಿಂಗ್ ಇರಲಿ, ಪೈಲ್ ಇರಲಿ, ಪ್ಲಿಂತ್ ಬೀಮ್ (ಗೋಡೆ ಹೊರುವ ತಳದ ತೊಲೆ) ಎರೆಯ ಮೇಲೆ ಕೂರಬಾರದು, ಮಣ್ಣು ಉಬ್ಬಲು ಅಡಿಯಲ್ಲಿ ಮೂರು ಇಂಚು ಸಂದು ಬಿಡಬೇಕು. ಗೌಂಡಿಗಳು ಇದನ್ನೇ ಮೊದಲು ಮರೆಯುತ್ತಾರೆ, ನೀವೇ ನಿಂತು ನೋಡಿ. ಪಾಯದ ಸುತ್ತ ಮರಳು ತುಂಬುವ ರೂಢಿ ನನಗೆ ಸರಿ ಅನ್ನಿಸುವುದಿಲ್ಲ. ಎರೆಯ ನಡುವೆ ಮರಳು ಅಂದರೆ ನೀರು ನಿಲ್ಲುವ ತೊಟ್ಟಿ. ಮುರುಮ ಹಾಕಿ ಪದರ ಪದರವಾಗಿ ಧಮ್ಮಸ್ ಮಾಡಿಸಿ.

ಮೂರು ಗುಂಡಿಗಳಲ್ಲಿ ಎರೆಯ ದಪ್ಪ ಎಷ್ಟೆಷ್ಟು ಬಂತು ಅಂತ ಇಲ್ಲೇ ಕೆಳಗೆ ಬರೆಯಿರಿ, ಫೂಟಿಂಗೋ ಪೈಲೋ ನೋಡಿ ಹೇಳುತ್ತೇನೆ.