600 ಗ್ರಾಂ ಡ್ರೋನ್ ಹಾರಿಸಲು ಲೈಸೆನ್ಸ್ ಬೇಕೇ?

ನಿಮ್ಮ ಪ್ರಶ್ನೆ: ಶಿವಮೊಗ್ಗದ ಹತ್ತಿರ ಅಡಿಕೆ ತೋಟದ ಮೇಲೆ 600 ಗ್ರಾಂ ಡ್ರೋನ್ ಹಾರಿಸಬಹುದೇ, ಮದುವೆ ಶೂಟಿಂಗ್‌ಗೂ ಬಳಸಬಹುದೇ?

ತೂಕ 250 ಗ್ರಾಂನಿಂದ 2 ಕೆಜಿಯೊಳಗಿದ್ದರೆ ಅದು ಮೈಕ್ರೋ ಡ್ರೋನ್. 2021ರ ಡ್ರೋನ್ ನಿಯಮಗಳ ಪ್ರಕಾರ ಅದನ್ನು ನೋಂದಾಯಿಸಿ ವಿಶಿಷ್ಟ ಸಂಖ್ಯೆ, ಅಂದರೆ ಯುಐಎನ್, ಪಡೆಯಲೇಬೇಕು. ಸ್ವಂತ ತೋಟಕ್ಕೆ ಸುಮ್ಮನೆ ಹಾರಿಸಲು ಪೈಲಟ್ ಪ್ರಮಾಣಪತ್ರ, ಅಂದರೆ ಲೈಸೆನ್ಸ್, ಬೇಡ. ಮದುವೆಗೆ ದುಡ್ಡು ತಗೊಂಡಿರೋ, ಅದು ವಾಣಿಜ್ಯ ಬಳಕೆ, ಪ್ರಮಾಣಪತ್ರ ಬೇಕು. 10ನೇ ತರಗತಿ ಪಾಸಾದ, 18ರಿಂದ 65 ವರ್ಷದವರು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಪಡೆದು ಅದನ್ನು ಗಳಿಸಬಹುದು.

ಜನ ಎಡವುವುದು ಜಾಗದ ವಿಷಯದಲ್ಲಿ. ಸರ್ಕಾರದ ಡ್ರೋನ್ ನಕ್ಷೆಯಲ್ಲಿ ಹಸಿರು ಬಣ್ಣದಲ್ಲಿ ತೋರಿಸುವ ಹಸಿರು ವಲಯದಲ್ಲಿ 400 ಅಡಿವರೆಗೆ ಅನುಮತಿ ಕೇಳಬೇಕಿಲ್ಲ. ಆದರೆ ನಿಮ್ಮಲ್ಲಿ ಸೋಗಾನೆ ವಿಮಾನ ನಿಲ್ದಾಣವಿದೆ. ಅದರ ಗಡಿಯಿಂದ 8ರಿಂದ 12 ಕಿ.ಮೀ. ದೂರದಲ್ಲಿ ಆ ಮಿತಿ 200 ಅಡಿಗೆ ಇಳಿಯುತ್ತದೆ. ಇನ್ನೂ ಹತ್ತಿರವಾದರೆ ಅನುಮತಿಯಿಲ್ಲದೆ ಏರಿಸಲೇಬೇಡಿ. ತೆಂಗಿನ ಮರ ದಾಟಿ ಸ್ವಲ್ಪ ಮೇಲೆ ಹೋದರೂ ಕೆಳಗಿನಿಂದ ನೋಡುವವರಿಗೆ ಎತ್ತರ ಗೊತ್ತಾಗುವುದಿಲ್ಲ, ಕಂಟ್ರೋಲರ್‌ನ ಪರದೆಯ ಮೇಲಿನ ಅಂಕಿ ನೋಡುತ್ತಿರಿ.

ಪ್ರತಿ ಸಲ ಹಾರಿಸುವ ಮುಂಚೆ ಆ ನಕ್ಷೆಯನ್ನು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದಲ್ಲಿ ತೆರೆದು ನೋಡಿ. ನಿನ್ನೆ ಹಸಿರಿದ್ದ ಜಾಗವನ್ನು ಪೊಲೀಸರು ಇಂದು ತಾತ್ಕಾಲಿಕ ಕೆಂಪು ವಲಯ, ಅಂದರೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲದ ಜಾಗ, ಮಾಡಿರಬಹುದು, ಒಮ್ಮೆಗೆ 96 ಗಂಟೆಗಳವರೆಗೆ. ನಿಯಮ ಮೀರಿದರೆ 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ದಂಡಕ್ಕಿಂತ ನನಗೆ ಹೆಚ್ಚು ಭಯ ಮದುವೆ ಮಂಟಪದ್ದು: ಮಕ್ಕಳ ತಲೆಯ ಮೇಲೆ ಮಾತ್ರ ದಯವಿಟ್ಟು ಹಾರಿಸಬೇಡಿ.