ಪ್ರತಿಕ್ರಿಯೆ: ಮಳೆಗಾಲದಲ್ಲಿ ಉದುರುವ ಎಳೆ ಅಡಿಕೆ

ತೀರ್ಥಹಳ್ಳಿಯ ನಿಮ್ಮ ಹಿತ್ತಲಿನ ಮರಗಳಿಂದ ಈ ಮಳೆಯಲ್ಲಿ ಎಳೆ ಅಡಿಕೆ ಉದುರುತ್ತಿರುವುದಕ್ಕೆ ಬಹುಮಟ್ಟಿಗೆ ಕೊಳೆರೋಗವೇ ಕಾರಣ. ಬಿದ್ದ ಕಾಯಿಯ ತೊಟ್ಟು ಕಳಚಿ, ಆ ಭಾಗ ನೀರಿನಲ್ಲಿ ನೆನೆದಂತೆ ಕಡುಹಸಿರಾಗಿ, ಮೇಲೆ ಬಿಳಿ ಬೂಷ್ಟು ಹಿಡಿದಿದ್ದರೆ ಅನುಮಾನವಿಲ್ಲ. ಇಲ್ಲವಾದರೆ ಕಾರಣ ಬೇರೆಯಿರಬಹುದು, ಚಿತ್ರ ಹಾಕಿ.

ಮೊದಲು ಉದುರಿದ ಕಾಯಿಗಳನ್ನೂ ರೋಗ ತಗುಲಿದ ಕೊನೆಗಳನ್ನೂ (ಅಡಿಕೆ ಗೊನೆಗಳನ್ನೂ) ತೆಗೆದು ದೂರದಲ್ಲಿ ಆಳವಾಗಿ ಹೂಳಿ (ಸುಡುವುದು ಮೇಲು, ಆದರೆ ಈ ಮಳೆಯಲ್ಲಿ ಬೆಂಕಿ ಹತ್ತಬೇಕಲ್ಲ). ಬಳಿಕ ಸಿಂಪಡಿಸಲು ಬೋರ್ಡೋ ದ್ರಾವಣ ಮಾಡಿಕೊಳ್ಳಿ: ಪ್ಲಾಸ್ಟಿಕ್ ಪಾತ್ರೆಗಳಲ್ಲಿ 100 ಗ್ರಾಂ ಮೈಲುತುತ್ತವನ್ನೂ (ತಾಮ್ರದ ಸಲ್ಫೇಟ್) 100 ಗ್ರಾಂ ಸುಣ್ಣವನ್ನೂ ತಲಾ 5 ಲೀಟರ್ ನೀರಿನಲ್ಲಿ ಬೇರೆಬೇರೆಯಾಗಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಲಕಿ. ಅದರಲ್ಲಿ ಅದ್ದಿದ ಕಬ್ಬಿಣದ ಕತ್ತಿಯ ಮೇಲೆ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಬೇಕೆಂದು ತಿಳಿಯಿರಿ. ಮಳೆ ಹೊಳವಾದ ದಿನ ಕೊನೆಗಳು ಪೂರ್ತಿ ತೊಯ್ಯುವಂತೆ ಸಿಂಪಡಿಸಿ, ಆ ದಿನವೇ ದ್ರಾವಣವನ್ನು ಮುಗಿಸಿ. 40–45 ದಿನಗಳ ನಂತರ ಇನ್ನೊಮ್ಮೆ ಹೊಡೆಯಿರಿ.